ಬಡತನದ ಪಾಠಕ್ಕೆ ಯಾವ ಪೀಠಿಕೆ?

ಬೋಧನಾಭ್ಯಾಸದ ಮೊದಲ ಹಂತದಲ್ಲಿ ಕಾಪುವಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಬಡತನದ ಪಾಠ ಮಾಡುವ ಸರದಿ ನನ್ನದಾಗಿತ್ತು. ಮಕ್ಕಳ ಅನುಭವದಿಂದಲೇ ಪಾಠ ಆರಂಭಿಸಬೇಕೆಂದು ಕಲಿತಿದ್ದ ನಾನು, “ಯಾರ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ? ಕೈ ಎತ್ತಿ” ಎಂದು ಪೀಠಿಕಾ ಪ್ರಶ್ನೆ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಗಂಟೆ ಹೊಡೆದ ಮೇಲೆ ಜಗಲಿಯಲ್ಲಿ ಒಬ್ಬಳು ಹುಡುಗಿ ಹತ್ತಿರ ಬಂದು, “ಟೀಚರ್, ಕಾರ್ಡ್ ನಮ್ಮಲ್ಲಿಯೂ ಉಂಟು. ಎಲ್ಲರೆದುರು ಹೇಗೆ ಹೇಳುವುದು?” ಎಂದಳು.

ಮಣಿಪಾಲದ ಆಸ್ಪತ್ರೆ, ಕಾಲೇಜುಗಳನ್ನು ಕಂಡವರು ಉಡುಪಿ ಜಿಲ್ಲೆಯಲ್ಲಿ ಬಡತನವೆಲ್ಲಿದೆ ಎನ್ನುತ್ತಾರೆ. ಸುತ್ತಲಿನವರು ಅನುಕೂಲಸ್ಥರಾದಷ್ಟೂ ಬಡವರ ಮಗು ಹೆಚ್ಚು ಮುದುಡುತ್ತದೆ. ಇಂಥ ಕಡೆ ಈ ಪಾಠವನ್ನು ಮಕ್ಕಳನ್ನು ಎಣಿಸುವುದರಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ.

ಎಣಿಕೆ ಬೇಡವೆಂದಲ್ಲ. ಬಡತನದ ರೇಖೆ ಎಳೆಯುವವರು ಮನುಷ್ಯರೇ ಎಂಬುದು ಮೊದಲು ತಿಳಿಯಬೇಕು. ವಿಶ್ವಬ್ಯಾಂಕ್ 2025ರಲ್ಲಿ ಕಡುಬಡತನದ ರೇಖೆಯನ್ನು ತಲಾ ದಿನಕ್ಕೆ 3 ಡಾಲರಿಗೆ ಏರಿಸಿತು. ಇದು ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಲೆಕ್ಕ. ಅದರಂತೆ ಭಾರತದಲ್ಲಿ 2011-12ರಲ್ಲಿ ಶೇ. 27.1 ಇದ್ದ ಕಡುಬಡತನ 2022-23ಕ್ಕೆ ಶೇ. 5.3ಕ್ಕೆ ಇಳಿದಿದೆ. ರೇಖೆಯನ್ನು 4.20 ಡಾಲರಿಗೆ ಎತ್ತಿದರೆ ಅದೇ ವರ್ಷ ಶೇ. 23.9 ಮಂದಿ ಬಡವರು. ನೀತಿ ಆಯೋಗವಾದರೋ ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಇಂಧನ ಮೊದಲಾದ 12 ಸೂಚಕಗಳಿಂದ ಅಳೆಯುತ್ತದೆ. 2019-21ರ ಸಮೀಕ್ಷೆಯಂತೆ ಕರ್ನಾಟಕದ್ದು ಶೇ. 7.58. ಬಿಪಿಎಲ್ ಕಾರ್ಡ್ ಇರುವವರ ಪಾಲು ಇದಕ್ಕಿಂತ ಎಷ್ಟೋ ಹೆಚ್ಚು. ಹಾಗಾದರೆ ನಾನು ಕೈ ಎತ್ತಿಸಲು ಹೊರಟದ್ದು ಯಾವ ಬಡತನಕ್ಕೆ?

ಎರಡನೇ ಹಂತ ಕಾರ್ಕಳದಲ್ಲಿ. ಈ ಸಲ, “ಅಜ್ಜ ಅಜ್ಜಿಯ ಕಾಲದಲ್ಲಿ ನೀವಿರುವ ಊರಿನ ಗದ್ದೆಗಳು ಯಾರವು? ಮನೆಯಲ್ಲಿ ಕೇಳಿಕೊಂಡು ಬನ್ನಿ” ಎಂದೆ. ಮರುದಿನ ತರಗತಿಯಲ್ಲಿ ಗೇಣಿ, ಧಣಿ, ಡಿಕ್ಲರೇಶನ್ ಎಂಬ ಮಾತುಗಳು ತಾವಾಗಿ ಬಂದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ದೇವರಾಜ ಅರಸು ಸರಕಾರ, ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿಗಳು ಎಲ್ಲವನ್ನೂ ಅಲ್ಲಿಂದಲೇ ವಿವರಿಸಿದೆ. ಒಬ್ಬ ಹುಡುಗ ಎದ್ದು ನಿಂತು, “ನಮಗೆ ಗೇಣಿಯೂ ಇರಲಿಲ್ಲ ಟೀಚರ್, ಅಜ್ಜಿ ಕೂಲಿಗೆ ಹೋಗುತ್ತಿದ್ದದ್ದು” ಎಂದ. ಅವನ ದನಿಯಲ್ಲಿ ಸಂಕೋಚವಿರಲಿಲ್ಲ. ಕಾನೂನು ಮುಖ್ಯವಾಗಿ ಗೇಣಿದಾರನನ್ನು ಒಡೆಯನಾಗಿಸಿತು. ಗೇಣಿಚೀಟೂ ಇಲ್ಲದ ಕೂಲಿಯವರು, ಕೊರಗರಂಥ ಸಮುದಾಯಗಳು ಬಹುಪಾಲು ಹೊರಗುಳಿದವು ಎಂಬ ಮಾತಿಗೆ ಅವನೇ ದಾರಿ ಮಾಡಿಕೊಟ್ಟ.

ಸರಕಾರದ ಪ್ರಯತ್ನಗಳನ್ನೂ ಪಟ್ಟಿಯಾಗಿ ಬರೆಸುವುದಕ್ಕಿಂತ ಹೀಗೆ ಪ್ರಶ್ನಿಸುತ್ತ ನೋಡುವುದು ಲೇಸು: ಇದು ಯಾರನ್ನು ತಲುಪಿತು, ಯಾರನ್ನು ಬಿಟ್ಟಿತು? ಬ್ರೆಜಿಲ್ 2003ರಿಂದ ಬೋಲ್ಸಾ ಫಮೀಲಿಯಾ ಯೋಜನೆಯಲ್ಲಿ ಮಕ್ಕಳು ಶಾಲೆಗೆ ಬರಬೇಕೆಂಬ ಷರತ್ತಿನ ಮೇಲೆ ಬಡ ಕುಟುಂಬಗಳಿಗೆ ಹಣ ಕೊಟ್ಟಿತು. ಅಲ್ಲಿ ಬಡವರನ್ನು ಗುರುತಿಸುವ ಕೆಲಸ ಮೊದಲು. ನಮ್ಮ ಬಿಸಿಯೂಟದ ಸಾಲಿನಲ್ಲಾದರೆ ಯಾರೂ ಕಾರ್ಡ್ ತೋರಿಸಬೇಕಾಗಿಲ್ಲ. ತಟ್ಟೆ ಹಿಡಿದವರಿಗೆಲ್ಲ ಊಟ. ಎರಡರ ಗುಣದೋಷಗಳನ್ನು ಮಕ್ಕಳೇ ಚರ್ಚಿಸಬಲ್ಲರು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಪಾಠಯೋಜನೆ ಬರೆಯುವಾಗ ಪೀಠಿಕಾ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ನಿಮಗೇ ಬರೆದುಕೊಳ್ಳಿ: ಇದಕ್ಕೆ ಉತ್ತರ ಹೇಳಿದ ಮಗು ಮಧ್ಯಾಹ್ನ ಗೆಳೆಯರ ಜೊತೆ ಮೊದಲಿನಂತೆಯೇ ಕೂತು ಉಣ್ಣಬಲ್ಲುದೇ?