ಎಫಿ ಸಿಟ್ಟಿಗೆ ನನ್ನ ಓಟು

2006ರ 'ಡ್ರೀಮ್‌ಗರ್ಲ್ಸ್' ಸಿನಿಮಾ ನೋಡಿದವ್ರು, "ಎಫಿ ಸಿಟ್ಟಿನಾಕಿ, ಅದಕ್ಕ ಕೆಟ್ಲು" ಅಂತಾರ. ನಾ ಒಪ್ಪಂಗಿಲ್ರೀ ಅಕ್ಕಾರ. ಅಮೆರಿಕಾದ ಡೆಟ್ರಾಯಿಟ್‌ನಾಗ ಕಪ್ಪು ಜನಾಂಗದ ಮೂರು ಹುಡುಗ್ಯಾರು ಕೂಡಿ ಹಾಡ್ತಾರ. ಗಟ್ಟಿ ಕಂಠ ಎಫಿದು. ಆದ್ರ ಬಿಳೀ ಮಂದಿನೂ ರೆಕಾರ್ಡ್ ಕೊಳ್ಳಬೇಕಂತ ಮ್ಯಾನೇಜರ್ ಕರ್ಟಿಸ್, ತೆಳು ದನಿ, ಚಂದ ಮಾರಿ ಇರೋ ಡೀನಾನ್ನ ಮುಂದ ನಿಲ್ಲಸ್ತಾನ. ಎಫಿ ಹಿಂದ. ಆಮ್ಯಾಲ ಗುಂಪಿನಿಂದನ ಹೊರಗ, ಅದೂ ಆಕಿ ಬಸರಿದ್ದಾಗ!

ತನ್ನ ಹಾಡಿನಿಂದ ಮ್ಯಾಲ ಬಂದ ಗುಂಪಿನ್ಯಾಗ ತನಗ ಜಾಗಾ ಇಲ್ಲಂದ್ರ ಯಾರಿಗೆ ಸಿಟ್ಟು ಬರಂಗಿಲ್ಲ ಹೇಳ್ರಿ? ಡೀನಾಂದು ತಪ್ಪನ್ನಂಗಿಲ್ಲ, ಆಕೀನೂ ಕರ್ಟಿಸ್ ಹೇಳಿದಂಗ ಹಾಡಬೇಕು, ನಗಬೇಕು. ಎಫಿ ಪಾತ್ರಕ್ಕ ಜೆನಿಫರ್ ಹಡ್ಸನ್‌ಗೆ ಆಸ್ಕರ್ ಬಂತು. ನೋಡ್ರಿ, ಹೆಣ್ಮಕ್ಕಳಿಗೂ ತೋರಸ್ರಿ. ಹೆಣ್ಣು ಸಿಟ್ಟಾದ್ರ "ಸುಮ್ನಿರು" ಅನ್ನೂಕಿಂತ ಮೊದ್ಲ "ಏನಾತವ್ವಾ?" ಅಂತ ಕೇಳೂಣು.