ಜೀರ್ಣೋದ್ಧಾರದ ಮರುದಿನ

ನಮ್ಮಲ್ಲಿ ಜೀರ್ಣೋದ್ಧಾರಕ್ಕೆ ಸಲ್ಲುವ ಗೌರವ ನಿತ್ಯದ ದೀಪಕ್ಕೆ ಸಲ್ಲುವುದಿಲ್ಲ. ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಆಮೇಲೆ ನಲವತ್ತು ವರ್ಷ, ಮಳೆಗಾಲ ಬಂದಾಗಲೆಲ್ಲ ಅದರ ಮಾಳಿಗೆಯನ್ನು ಹತ್ತಿ, ಕಲ್ಲಿನ ಸಂದಿಯಲ್ಲಿ ಮೊಳೆತ ಅರಳಿಯ ಸಸಿಯನ್ನು ಕಿತ್ತೆಸೆದವನು ಯಾರೆಂದು ಒಬ್ಬರೂ ಕೇಳುವುದಿಲ್ಲ. ಈ ಅನ್ಯಾಯ ನನಗೆ ಮನದಟ್ಟಾದದ್ದು ಇಂಗ್ಲೆಂಡಿನ ಒಂದು ಮನೆಯ ಮಗ್ಗುಲಿನ ಕಾರುಕೊಟ್ಟಿಗೆಯಲ್ಲಿ ಎಂದರೆ ವಾಚಕರು ನಗಬಾರದು.

ಕಳೆದ ಬೇಸಿಗೆಯ ರಜೆಯಲ್ಲಿ ಆಕ್ಸ್‌ಫರ್ಡಿನ ಬಳಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹತ್ತು ದಿನ ಅತಿಥಿಯಾಗಿದ್ದೆ. ಆತನ ಬಳಿ ಎರಡೇ ಆಸನಗಳ, ಮೇಲ್ಛಾವಣಿಯನ್ನು ಮಡಚಿಡಬಹುದಾದ, 1965ರ ಒಂದು ಎಂ.ಜಿ.ಬಿ. ಕಾರು ಇದೆ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆ ಹೆಸರಿನ ಹೊಸ ಕಾರುಗಳು ಈಗ ನಮ್ಮ ಊರುಗಳಲ್ಲಿಯೂ ಓಡಾಡುತ್ತವೆ; ಆದರೆ ಅವುಗಳ ಒಡೆತನ ಬೇರೆ, ಹುಟ್ಟೂರು ಬೇರೆ. ಹಳೆಯ ಎಂ.ಜಿ.ಗಳು 1929ರಿಂದ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ನಿನಲ್ಲಿ ತಯಾರಾಗುತ್ತಿದ್ದವು. ಎಂ.ಜಿ.ಬಿ. 1962ರಲ್ಲಿ ಹೊರಬಂದು ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. 1980ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ತಾಯಿಮನೆ ಇಲ್ಲದ ಕೂಸುಗಳನ್ನು ಇಂದು ಸಾಕುತ್ತಿರುವವರು ಈ ನನ್ನ ಶಿಷ್ಯನಂಥ ಗೃಹಸ್ಥರು.

ಆತ ಅದನ್ನು ಕೊಂಡಾಗ ಅದು ಆಗಲೇ ಪುನರುದ್ಧಾರಗೊಂಡಿತ್ತು. ಹಿಂದಿನ ಒಡೆಯ ಬಿಚ್ಚಿ, ಬೆಸೆದು, ಬಣ್ಣ ಬಳಿಸಿ, ಚಿತ್ರಗಳನ್ನು ತೆಗೆಸಿ ಇಟ್ಟಿದ್ದ. "ಎಲ್ಲ ಮುಗಿದಿದೆ, ಇನ್ನು ಓಡಿಸುವುದೊಂದೇ ಬಾಕಿ ಅಂದುಕೊಂಡಿದ್ದೆ ಸರ್" ಎಂದು ಆತ ಹೇಳಿದ. ಮುಗಿದಿದೆ ಎಂಬ ಆ ಒಂದು ಪದದಲ್ಲಿಯೇ ಮೋಸವಿತ್ತು.

ಮೊದಲ ಪೆಟ್ಟು ಬ್ಯಾಟರಿಯಿಂದ ಬಂದಿತು. ಆ ಕಾಲದ ಎಂ.ಜಿ.ಬಿ.ಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಆಸನಗಳ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿರುತ್ತವೆ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವನ್ನು ಬಂಡಿಯ ಒಡಲಿಗೆ ಜೋಡಿಸಿದರೆ, ಅಂದಿನ ಎಂ.ಜಿ.ಬಿ.ಯಲ್ಲಿ 1967ರವರೆಗೆ ಧನಧ್ರುವವನ್ನು ಜೋಡಿಸುತ್ತಿದ್ದರು. ಈತ ಕೈಪಿಡಿಯನ್ನು ಓದಿ, ಅದರಂತೆಯೇ ಹೊಸ ಬ್ಯಾಟರಿಗಳನ್ನು ಜೋಡಿಸಿದ. ಆದರೆ ಉದ್ಧಾರಕ ಮಹಾಶಯ ನಡುವೆ ಯಾವಾಗಲೋ ಈ ಕ್ರಮವನ್ನು ತಿರುಗಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಇಂದಿನ ಎಲೆಕ್ಟ್ರಾನಿಕ್ ಬಿಲ್ಲೆಯೊಂದನ್ನು ಅಡಗಿಸಿಟ್ಟಿದ್ದ. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬಿಲ್ಲೆ ಸುಟ್ಟುಹೋಯಿತು, ಕಾರು ಮೂರು ವಾರ ಮಲಗಿತು.

ಗ್ರಂಥಸಂಪಾದನೆಯನ್ನು ಪಾಠ ಹೇಳುವ ನನಗೆ ಈ ಅಪರಾಧ ಹೊಸದೆನಿಸಲಿಲ್ಲ. ಓಲೆಗರಿಯನ್ನು ಪ್ರತಿಮಾಡುವಾಗ ಅಳಿಸಿಹೋದ ಅಕ್ಷರದ ಜಾಗದಲ್ಲಿ ತನಗೆ ತೋರಿದ್ದನ್ನು ಸೇರಿಸಿ, ಸೇರಿಸಿದ್ದೇನೆ ಎಂದು ಹೇಳದೆ ಹೋದ ಲಿಪಿಕಾರನ ವಂಶದವನೇ ಈತ. ತಿದ್ದುವುದು ತಪ್ಪಲ್ಲ, ಕೆಲವೊಮ್ಮೆ ತಿದ್ದದೆ ಗತಿಯಿಲ್ಲ. ತಿದ್ದಿದ್ದನ್ನು ಮರೆಮಾಚುವುದು ಮುಂದೆ ಬರುವವನಿಗೆ ಬಗೆಯುವ ದ್ರೋಹ.

ಎರಡನೆಯ ಪೆಟ್ಟು ಇದಕ್ಕಿಂತ ಗಂಭೀರವಾದದ್ದು. ಈ ಕಾರಿಗೆ ಪ್ರತ್ಯೇಕವಾದ ಚೌಕಟ್ಟಿಲ್ಲ, ತಗಡಿನ ಒಡಲೇ ಭಾರವನ್ನೆಲ್ಲ ಹೊರುತ್ತದೆ. ಅದರಲ್ಲಿಯೂ ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಟೊಳ್ಳಾದ ಹೊಸ್ತಿಲು ಬಂಡಿಯ ಬೆನ್ನೆಲುಬು. ಇಂಗ್ಲೆಂಡಿನಲ್ಲಿ ಚಳಿಗಾಲದ ಮಂಜನ್ನು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಹೊಸ್ತಿಲಿನೊಳಗೆ ನಿಂತರೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಈತನ ಕಾರಿನ ಎಡ ಹೊಸ್ತಿಲಿನಲ್ಲಿ ಬಣ್ಣ ಸಾಸಿವೆಯಷ್ಟು ಉಬ್ಬಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅಲ್ಲಿಟ್ಟರೆ ಅದು ಅಂಟಲಿಲ್ಲ. ಕೆರೆದಾಗ ಬಣ್ಣದ ಕೆಳಗೆ ಸಿಕ್ಕಿದ್ದು ಪುಟ್ಟಿ. ನೀರು ಹರಿದುಹೋಗುವ ತೂತುಗಳನ್ನೂ ಅದೇ ಪುಟ್ಟಿ ಮುಚ್ಚಿತ್ತು.

ಇಲ್ಲಿ ಕಾನೂನಿನ ಒಂದು ಮಾತನ್ನು ಹೇಳಬೇಕು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಟು ಹೊಂದದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಈ ರಿಯಾಯಿತಿಯನ್ನು ಬಹುಮಾನವೆಂದು ಬಗೆಯುವವರುಂಟು. ನನಗೆ ಅದು ಹೊರೆಯಾಗಿ ಕಾಣುತ್ತದೆ. 1965ರ ಈ ಬಂಡಿಯಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ದ್ರವದ ಜಾಲ. ಒಂದು ರಬ್ಬರಿನ ಕೊಳವೆ ಒಡೆದರೆ ಕಾಲಿನ ಕೆಳಗಿನ ಪೆಡಲು ನಿರರ್ಥಕ, ಉಳಿಯುವುದು ಕೈಬ್ರೇಕೊಂದೇ. ಆ ದ್ರವವೋ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಬಂಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕು. ಭಾನುವಾರಗಳಲ್ಲಿ ಈತನ ಪಕ್ಕದ ಆಸನದಲ್ಲಿ ಹತ್ತು ವರ್ಷದ ಮಗಳು ಕುಳಿತಿರುತ್ತಾಳೆ. ಪರೀಕ್ಷಕನಿಲ್ಲದ ಪರೀಕ್ಷೆಯಲ್ಲಿ ನಕಲು ಮಾಡದಿರುವುದು ಎಷ್ಟು ಕಷ್ಟವೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ಉಳಿದದ್ದೆಲ್ಲ ಸಣ್ಣ ಸಣ್ಣ ಕೆಲಸಗಳು. ಎರಡು ಎಸ್.ಯು. ಕಾರ್ಬುರೇಟರುಗಳ ತಲೆಯ ಮೇಲಿನ ಹಿತ್ತಾಳೆಯ ಬಿರಡೆಯನ್ನು ತಿರುಗಿಸಿ ತೆಗೆದು ಒಂದಿಷ್ಟು ಎಣ್ಣೆ ಹಾಕಬೇಕು. ಅದು ಒಣಗಿದರೆ ವೇಗ ಹೆಚ್ಚಿಸುವಾಗ ಎಂಜಿನ್ನು ತಡವರಿಸುತ್ತದೆ. ಮುಂದಿನ ಚಕ್ರಗಳು ಹೊರಳುವ ಕೀಲುಗಳಿಗೆ ಗ್ರೀಸು ಒತ್ತಬೇಕು. ಸೈಕಲಿನಂತೆ ಕಡ್ಡಿಗಳುಳ್ಳ ಚಕ್ರವನ್ನು ಕಳಚಿ, ಅದು ಕೂರುವ ಗುಂಬದ ಹಲ್ಲುಗಳಿಗೂ ಗ್ರೀಸು ಸವರಿ, ತಾಮ್ರದ ಸುತ್ತಿಗೆಯಿಂದ ತಿರುಪನ್ನು ಬಿಗಿಯಬೇಕು. ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ಶೇಕಡ 10ರವರೆಗೆ ಎಥನಾಲ್ ಬೆರೆಸಿರುತ್ತಾರೆ. ಹಳೆಯ ರಬ್ಬರು ಅದನ್ನು ತಾಳದಾದ್ದರಿಂದ ಕೊಳವೆಗಳನ್ನು ಬದಲಿಸಿ, ಆಗಾಗ ಮೂಸಿ ನೋಡಬೇಕು. ಇವುಗಳಲ್ಲಿ ಯಾವುದನ್ನೂ ಚಿತ್ರ ತೆಗೆದು ಗೋಡೆಗೆ ತೂಗುಹಾಕಲಾಗದು.

ಇದು ಉಳ್ಳವರ ಆಟಿಕೆಯಲ್ಲವೇ, ಹೊಗೆಯುಗುಳುವ ಹಳೆಯ ಯಂತ್ರಕ್ಕೆ ಇಷ್ಟು ಉಪಚಾರವೇ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ, ಹೊಗೆಯನ್ನು ಅಲ್ಲಗಳೆಯಲಾಗದು. ಆದರೂ ಈ ಕಾರು ಅರಸರಿಗಾಗಿ ಮಾಡಿದ್ದಲ್ಲ. ಸಂಬಳದಲ್ಲಿ ಉಳಿಸಿ ಕೊಳ್ಳಬಹುದೆಂದು, ಸಾಮಾನ್ಯ ಪಾನರುಗಳಿಂದ ಬಿಚ್ಚಿ ಕಟ್ಟಬಹುದೆಂದು ಮಾಡಿದ್ದು. ತನ್ನ ಯಂತ್ರವನ್ನು ಮನುಷ್ಯ ತಾನೇ ತಿಳಿದು ಸರಿಪಡಿಸಿಕೊಳ್ಳಬಲ್ಲ ಎಂಬ ಒಂದು ಕಾಲದ ವಿಶ್ವಾಸ ಅದರಲ್ಲಿದೆ. ಮುಚ್ಚಳವನ್ನೇ ತೆರೆಯಲಾಗದ ಸಾಧನಗಳ ನಡುವೆ ಬದುಕುವ ನಾವು ಆ ವಿಶ್ವಾಸದ ಮಾದರಿಗಳನ್ನು ಕೆಲವಾದರೂ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವುದೆಂದರೆ ಹೊದಿಕೆ ಹೊದಿಸಿ ನಿಲ್ಲಿಸುವುದಲ್ಲ. ನಿಂತ ಬಂಡಿಯ ಬ್ರೇಕು ಕಚ್ಚಿಕೊಳ್ಳುತ್ತದೆ, ಪೆಟ್ರೋಲು ಹಳಸುತ್ತದೆ, ರಬ್ಬರಿನ ಬಳೆಗಳು ಒಣಗಿ ಬಿರಿಯುತ್ತವೆ. ಕಪಾಟಿನ ಗಾಜಿನ ಹಿಂದೆ ಅಚ್ಚುಕಟ್ಟಾಗಿ ನಿಂತಿರುವ ನಮ್ಮ ಹಳಗನ್ನಡ ಕಾವ್ಯಗಳ ಗತಿಯೂ ಇದೇ ತಾನೇ? ಶುದ್ಧಪಾಠವನ್ನು ಸಿದ್ಧಪಡಿಸಿದ ಪಂಡಿತರಿಗೆ ನಾವು ಸನ್ಮಾನ ಮಾಡಿದೆವು. ಓದುವ ಕೆಲಸ ಮಾತ್ರ ಹಾಗೆಯೇ ಉಳಿಯಿತು.

ಹೊರಡುವ ಹಿಂದಿನ ದಿನ ಆತ ತನ್ನ ದಾಖಲೆಯ ಪುಸ್ತಕವನ್ನು ತೋರಿಸಿದ. ಸುಟ್ಟ ಬಿಲ್ಲೆಯ ಕಥೆ, ಧ್ರುವ ಬದಲಾದ ಸಂಗತಿ, ಪುಟ್ಟಿ ಕೆರೆದು ಹೊಸ ತಗಡು ಬೆಸೆಸಿದ ದಿನ, ಗ್ರೀಸು ಹಾಕಿದ ತಾರೀಖುಗಳು, ಎಲ್ಲವೂ ಅಚ್ಚ ಕನ್ನಡದಲ್ಲಿ, ದುಂಡಗಿನ ಅಕ್ಷರಗಳಲ್ಲಿದ್ದವು. ನನಗೆ ಹೆಮ್ಮೆಯೆನಿಸಿತು. ಮರುಕ್ಷಣವೇ ಕೇಳಿದೆ: "ನಿನ್ನ ಬಳಿಕ ಈ ಕಾರನ್ನು ಕೊಳ್ಳುವವನು ಇದನ್ನು ಹೇಗೆ ಓದುತ್ತಾನಪ್ಪ?"

ಆತ ಸುಮ್ಮನಾದ. ಇಂಗ್ಲಿಷಿನಲ್ಲಿಯೂ ಬರೆದಿಡು ಎಂದು ಹೇಳಿದೆ. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ವಿದ್ಯಾರ್ಥಿಯೊಬ್ಬನಿಗೆ ನಾನು ಇಂಥ ಸಲಹೆ ಕೊಟ್ಟದ್ದು ಅದೇ ಮೊದಲು.