ಬಣ್ಣ ಮೊದಲೋ, ಗುರಿ ಮೊದಲೋ?

ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆಯುವ ಅಂಗಡಿಯನ್ನು ನೀವು ನೋಡಿರುತ್ತೀರಿ. ನೆಲದ ಮೇಲೆ ಗಟ್ಟಿಯಾಗಿ ನಿಂತು ಹೊಡೆದರೂ ಎಷ್ಟೋ ಸಲ ಗುರಿ ತಪ್ಪುತ್ತದೆ. ಇನ್ನು ಉಯ್ಯಾಲೆಯಲ್ಲಿ ಕುಳಿತು, ತೂಗುತ್ತಲೇ ಹೊಡೆಯಬೇಕೆಂದರೆ? ಬಲೂನೂ ಒಂದೆಡೆ ನಿಲ್ಲದೆ ಸರಿಯುತ್ತಿದ್ದರೆ? ಸಮುದ್ರದ ಮೇಲೆ ಹೊಯ್ದಾಡುವ ಯುದ್ಧನೌಕೆಯಲ್ಲಿ ಫಿರಂಗಿ ಹಾರಿಸುವವನ ಪಾಡು ಇದೇ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಜಗತ್ತಿನ ಅತಿ ದೊಡ್ಡ ನೌಕಾಪಡೆ ಬ್ರಿಟನ್ನಿನದು. ಆದರೆ ಅದರ ಗುರಿ ಹೇಗಿತ್ತು? 1882ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕೋಟೆಗಳ ಮೇಲೆ ಬ್ರಿಟಿಷ್ ಹಡಗುಗಳು ಸುಮಾರು ಮೂರು ಸಾವಿರ ಗುಂಡು ಸುರಿಸಿದವು. ಕೋಟೆಯ ಫಿರಂಗಿಗಳಲ್ಲಿ ಪೆಟ್ಟು ತಿಂದದ್ದು ಹತ್ತರಷ್ಟು ಮಾತ್ರ. ಈ ಲೆಕ್ಕವನ್ನು ಮನಸ್ಸಿಗೆ ಹಚ್ಚಿಕೊಂಡವರು ಕಡಿಮೆ. ಹಚ್ಚಿಕೊಂಡವರಲ್ಲಿ ಒಬ್ಬ ಪರ್ಸಿ ಸ್ಕಾಟ್.

ಸ್ಕಾಟ್ 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. 1866ರಲ್ಲಿ, ಹದಿಮೂರನೇ ವಯಸ್ಸಿಗೆ, ನೌಕಾಪಡೆ ಸೇರಿದ. ನಮ್ಮಲ್ಲಿ ಪ್ರೌಢಶಾಲೆಯ ಮೆಟ್ಟಿಲು ಹತ್ತುವ ವಯಸ್ಸು ಅದು. ಅಧಿಕಾರಿಯಾಗಬೇಕಾದವನು ಆ ಕಾಲದಲ್ಲಿ ಅಷ್ಟು ಚಿಕ್ಕವನಿದ್ದಾಗಲೇ ಮನೆ ಬಿಡಬೇಕಿತ್ತು.

ಆತ ಕಂಡ ನೌಕಾಪಡೆಯಲ್ಲಿ ಬಡ್ತಿಗೆ ದಾರಿ ಹಡಗಿನ ಹೊಳಪು. ಹಿತ್ತಾಳೆ ಮಿನುಗಬೇಕು, ಬಣ್ಣಕ್ಕೆ ಒಂದು ಗೀರೂ ಬೀಳಬಾರದು. ಬಣ್ಣಕ್ಕೆ ಸರ್ಕಾರ ಕೊಟ್ಟದ್ದು ಸಾಲದೆ ಅಧಿಕಾರಿಗಳು ಸ್ವಂತ ಹಣ ಹಾಕುತ್ತಿದ್ದರು. ಒಂದು ಹಡಗಿನಲ್ಲಿ ನೀರು ತಡೆಯುವ ಕಬ್ಬಿಣದ ಬಾಗಿಲುಗಳನ್ನು ಥಳಥಳಿಸುವಂತೆ ಉಜ್ಜಿ ಉಜ್ಜಿ, ಕೊನೆಗೆ ಅವು ನೀರನ್ನೇ ತಡೆಯದಂತಾದವು ಎಂದು ಸ್ಕಾಟ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಫಿರಂಗಿ ಹಾರಿಸಿದರೆ ಹೊಗೆ, ಮಸಿ, ಬಣ್ಣ ಕೆಡುತ್ತದೆ. ಆದ್ದರಿಂದ ಗುರಿ ಅಭ್ಯಾಸವೆಂದರೆ ಬೇಗ ಮುಗಿಸಿ ಕೈತೊಳೆದುಕೊಳ್ಳುವ ಕೆಲಸ. ನೋಟ್‌ಬುಕ್ಕಿಗೆ ಅಂದದ ರಟ್ಟು ಹಾಕಿ, ಒಳಗಿನ ಲೆಕ್ಕ ಬಿಡಿಸದ ಹುಡುಗನ ನೆನಪಾಗುತ್ತದೆ. ಅವನ ರಟ್ಟಿಗೇ ಅಂಕ ಕೊಡುವ ಮೇಷ್ಟ್ರೂ ಇದ್ದರೆ ಕೇಳಬೇಕೆ?

ಆಗ ಗುರಿ ಹಿಡಿಯುವ ಕ್ರಮ ಹೀಗಿತ್ತು. ಫಿರಂಗಿಯನ್ನು ಒಂದು ಕೋನದಲ್ಲಿ ನಿಲ್ಲಿಸುವುದು. ಹಡಗು ಹೊಯ್ದಾಡುತ್ತ ಗುರಿ ಕಣ್ಣಿನ ನೇರಕ್ಕೆ ಬಂದ ಗಳಿಗೆಯಲ್ಲಿ ಹಾರಿಸುವುದು. ಆದರೆ ಕಣ್ಣು ನೋಡಿ, ಬೆರಳು ಒತ್ತಿ, ಗುಂಡು ಹೊರಡುವಷ್ಟರಲ್ಲಿ ಹಡಗು ಮತ್ತಷ್ಟು ವಾಲಿರುತ್ತಿತ್ತು. ಗುಂಡು ಸಮುದ್ರದ ಪಾಲು.

1898ರಲ್ಲಿ ಸ್ಕಾಟ್ ಮೆಡಿಟರೇನಿಯನ್ ಸಮುದ್ರದಲ್ಲಿ 'ಸಿಲಾ' ಎಂಬ ಕ್ರೂಸರಿನ ಕ್ಯಾಪ್ಟನ್. ಅಲೆಗಳು ಎದ್ದಿದ್ದ ಒಂದು ದಿನ ಅಭ್ಯಾಸ ನಡೆದಿತ್ತು. ಎಲ್ಲರ ಗುರಿಯೂ ತಪ್ಪುತ್ತಿತ್ತು, ಒಬ್ಬನದು ಮಾತ್ರ ಅಷ್ಟಾಗಿ ತಪ್ಪುತ್ತಿರಲಿಲ್ಲ. ಅದೃಷ್ಟ ಎಂದು ಬೇರೆ ಕ್ಯಾಪ್ಟನ್ ಸುಮ್ಮನಾಗುತ್ತಿದ್ದನೇನೋ. ಸ್ಕಾಟ್ ಅವನ ಕೈಯನ್ನು ಗಮನಿಸಿದ. ಆ ನಾವಿಕ ಹಡಗು ಏರಿದಾಗ ಫಿರಂಗಿಯನ್ನು ಇಳಿಸುತ್ತ, ಇಳಿದಾಗ ಏರಿಸುತ್ತ, ಚಕ್ರವನ್ನು ತಿರುಗಿಸುತ್ತಲೇ ಇದ್ದ. ಗುರಿ ಬರಲಿ ಎಂದು ಕಾಯುವ ಬದಲು ಗುರಿಯ ಮೇಲಿನ ಕಣ್ಣನ್ನೇ ಕದಲಿಸದೆ ಇರುವ ಉಪಾಯ. ಯಾರೂ ಹೇಳಿಕೊಟ್ಟದ್ದಲ್ಲ.

ಒಬ್ಬನಿಗೆ ಬಂದದ್ದು ಎಲ್ಲರಿಗೂ ಬರಬೇಕಲ್ಲ? ಸ್ಕಾಟ್‌ನ ನಿಜವಾದ ಬುದ್ಧಿವಂತಿಕೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಚಕ್ರ ಹಗುರವಾಗಿ ತಿರುಗುವಂತೆ ಹಲ್ಲುಗಳನ್ನು ಬದಲಿಸಿದ, ಫಿರಂಗಿಗೆ ಒಳ್ಳೆಯ ದೂರದರ್ಶಕ ಹಾಕಿಸಿದ. ಗುಂಡು ಖರ್ಚಾಗದೆ ಅಭ್ಯಾಸ ಮಾಡಲು 'ಡಾಟರ್' ಎಂಬ ಸಲಕರಣೆ ಮಾಡಿದ. ಫಿರಂಗಿಯ ಮುಂದೆ ಒಂದು ಚಿಕ್ಕ ಗುರಿಚಿತ್ರ ಮೇಲೆ ಕೆಳಗೆ ಆಡುತ್ತಿರುತ್ತದೆ. ನಾವಿಕ ಅದನ್ನು ಹಿಂಬಾಲಿಸುತ್ತ ಕುದುರೆ ಒತ್ತಿದರೆ ಪೆನ್ಸಿಲ್ ಕಾಗದದ ಮೇಲೆ ಒಂದು ಚುಕ್ಕೆ ಇಡುತ್ತದೆ. ಕಾಗದ ತೆಗೆದು ನೋಡಿದರೆ ಯಾರು ಎಲ್ಲಿ ತಪ್ಪಿದರೆಂಬುದು ಕಣ್ಣಮುಂದೆ! ಬಂದರಿನಲ್ಲಿ ನಿಂತಾಗಲೂ ದಿನವೂ ಮಾಡಬಹುದಾದ ಅಭ್ಯಾಸವಿದು. 1899ರ ಸ್ಪರ್ಧೆಯಲ್ಲಿ ಸಿಲಾ ನೂರಕ್ಕೆ ಎಂಬತ್ತು ಗುಂಡುಗಳನ್ನು ಗುರಿಗೆ ಮುಟ್ಟಿಸಿತು. ಉಳಿದ ನೌಕಾಪಡೆ ಇದನ್ನು ಸುಲಭವಾಗಿ ನಂಬಲಿಲ್ಲ.

ಅದೇ ವರ್ಷ 'ಟೆರಿಬಲ್' ಹಡಗಿನೊಂದಿಗೆ ದಕ್ಷಿಣ ಆಫ್ರಿಕಾ ಮುಟ್ಟಿದಾಗ ಬೋಯರ್ ಯುದ್ಧ ಶುರುವಾಗಿತ್ತು. ದಂಡಿನ ಬಳಿ ದೂರಕ್ಕೆ ಹೊಡೆಯುವ ಫಿರಂಗಿಗಳಿರಲಿಲ್ಲ. ಹಡಗಿನ 4.7 ಇಂಚಿನ ಫಿರಂಗಿಗಳನ್ನು ಮರದ ದಿಮ್ಮಿಗಳ ಮೇಲೂ ಗಾಡಿಗಳ ಮೇಲೂ ಕೂರಿಸಿ ನೆಲದ ಯುದ್ಧಕ್ಕೆ ಕಳಿಸಿದವನು ಸ್ಕಾಟ್. ಅವುಗಳಲ್ಲಿ ಕೆಲವು ಆ ಡಿಸೆಂಬರಿನಲ್ಲಿ ಕೊಲೆನ್ಸೋ ಕಾಳಗದಲ್ಲಿದ್ದವು. ಅದೇ ಕಾಳಗದ ಗಾಯಾಳುಗಳನ್ನು ಹೊತ್ತವರಲ್ಲಿ ಮೋಹನದಾಸ ಗಾಂಧಿಯವರ ಭಾರತೀಯ ಸ್ವಯಂಸೇವಕರೂ ಇದ್ದರು.

ಅಲ್ಲಿಂದ ಚೀನಾ ಕಡಲಿಗೆ. ಅಲ್ಲಿ ವಿಲಿಯಂ ಸಿಮ್ಸ್ ಎಂಬ ಅಮೆರಿಕದ ಕಿರಿಯ ಅಧಿಕಾರಿ ಸ್ಕಾಟ್‌ನ ವಿಧಾನವನ್ನು ಕಲಿತ. ತನ್ನ ಮೇಲಧಿಕಾರಿಗಳು ಕಿವಿಗೊಡದಿದ್ದಾಗ ನೇರವಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೇ ಪತ್ರ ಬರೆದ. ಮುಂದೆ ಅವನಿಗೇ ಆ ಹೊಣೆ ಬಂತು. ಬ್ರಿಟನ್ನಿನಲ್ಲಿ ಸ್ಕಾಟ್ 1905ರಲ್ಲಿ ರಿಯರ್ ಅಡ್ಮಿರಲ್ ಆಗಿ ಇಡೀ ನೌಕಾಪಡೆಯ ಗುರಿ ಅಭ್ಯಾಸದ ಇನ್ಸ್‌ಪೆಕ್ಟರ್ ಆದ.

ಇಷ್ಟಾದರೂ ಬಣ್ಣ ಸೋತಿರಲಿಲ್ಲ. 1907ರ ನವೆಂಬರಿನಲ್ಲಿ ಜರ್ಮನಿಯ ಚಕ್ರವರ್ತಿ ಬರುವವನಿದ್ದ. ಅಭ್ಯಾಸ ನಿಲ್ಲಿಸಿ ಹಡಗುಗಳಿಗೆ ಬಣ್ಣ ಬಳಿಯಿರಿ ಎಂದು ದಳಪತಿ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಆಜ್ಞೆ ಮಾಡಿದ. ಗುರಿ ಅಭ್ಯಾಸ ಮುಂದುವರಿಸಲೇ ಎಂದು 'ರಾಕ್ಸ್‌ಬರೋ' ಹಡಗು ಕೇಳಿದಾಗ, ಸ್ಕಾಟ್ ಎಲ್ಲರಿಗೂ ಕಾಣುವಂತೆ ಉತ್ತರ ಕಳಿಸಿದ: ಈಗ ಗುರಿಗಿಂತ ಬಣ್ಣಕ್ಕೇ ಬೆಲೆಯೆಂದು ಕಾಣುತ್ತದೆ, ಬೇಗ ಬಂದು ಸಿಂಗಾರ ಮಾಡಿಕೊಳ್ಳಿ ಎಂಬ ಅರ್ಥದ ಮಾತು. ಬೆರೆಸ್‌ಫರ್ಡ್ ಕಿಡಿಕಿಡಿಯಾದ. ಇಡೀ ಪಡೆಯ ಎದುರು ಸ್ಕಾಟ್‌ಗೆ ಛೀಮಾರಿ ಬಿತ್ತು. ಸ್ಕಾಟ್ ಹೇಳಿದ್ದು ಸರಿ, ಹೇಳಿದ ಬಗೆ ಸರಿಯಲ್ಲ. ಅಷ್ಟು ಹೊತ್ತಿಗೆ ಆತನಿಗೆ ಶತ್ರುಗಳು ಬೇಕಾದಷ್ಟಿದ್ದರು, ಇದರಿಂದ ಅವರಿಗೆ ಒಳ್ಳೆಯ ನೆಪ ಸಿಕ್ಕಿತು.

ಆತನ ಕೊನೆಯ ದೊಡ್ಡ ಯೋಜನೆ ಈ ಹಗೆತನದ ನಡುವೆ ಕುಂಟಿತು. ಎತ್ತರದ ಕಂಬದ ಮೇಲೆ, ಹೊಗೆ ಮತ್ತು ಅಲೆಗಳಿಗೆ ಸಿಕ್ಕದಂತೆ, ಒಬ್ಬನೇ ಕುಳಿತು ಗುರಿ ಹಿಡಿಯುವುದು. ವಿದ್ಯುತ್ತಿನ ಮೂಲಕ ಆ ಕೋನ ಎಲ್ಲ ಫಿರಂಗಿಗಳಿಗೂ ತಲುಪಿ, ಒಂದೇ ಗುಂಡಿ ಒತ್ತಿದಾಗ ಎಲ್ಲವೂ ಒಟ್ಟಿಗೆ ಹಾರುವುದು. ಜೆಲ್ಲಿಕೋ ಎಂಬ ಅಡ್ಮಿರಲ್ ಬೆನ್ನಿಗೆ ನಿಂತದ್ದರಿಂದ 1912ರಲ್ಲಿ ಪರೀಕ್ಷೆ ನಡೆಯಿತು. ಈ ಏರ್ಪಾಡಿದ್ದ 'ಥಂಡರರ್', ಅದಿಲ್ಲದ ಅದೇ ಜಾತಿಯ 'ಓರಿಯನ್'ಗಿಂತ ಸುಮಾರು ಆರು ಪಟ್ಟು ಹೆಚ್ಚು ಸಲ ಗುರಿ ಮುಟ್ಟಿತು. ಆದರೂ 1914ರ ಆಗಸ್ಟಿನಲ್ಲಿ ಮಹಾಯುದ್ಧ ಬಂದಾಗ ಅದನ್ನು ಹೊಂದಿದ್ದದ್ದು ಎಂಟೇ ಯುದ್ಧನೌಕೆಗಳು.

ಅಷ್ಟರಲ್ಲಿ, 1913ರಲ್ಲೇ, ಸ್ಕಾಟ್ ನಿವೃತ್ತನಾಗಿದ್ದ. 1914ರ ಜೂನ್‌ನಲ್ಲಿ 'ಟೈಮ್ಸ್' ಪತ್ರಿಕೆಗೆ ಬರೆದ ಪತ್ರದಲ್ಲಿ, ಜಲಾಂತರ್ಗಾಮಿ ಮತ್ತು ವಿಮಾನ ಬಂದ ಮೇಲೆ ದೊಡ್ಡ ಯುದ್ಧನೌಕೆಗಳ ಕಾಲ ಮುಗಿಯಿತು ಎಂದ. ಜೀವಮಾನವಿಡೀ ಫಿರಂಗಿಗಾಗಿ ದುಡಿದವನ ಬಾಯಲ್ಲಿ ಈ ಮಾತು! ದೊಡ್ಡವರು ಗೇಲಿ ಮಾಡಿದರು. ಸೆಪ್ಟೆಂಬರ್ 22ರಂದು ಒಂದೇ ಒಂದು ಜರ್ಮನ್ ಜಲಾಂತರ್ಗಾಮಿ ಬೆಳಗಿನ ಹೊತ್ತು ಮೂರು ಬ್ರಿಟಿಷ್ ಕ್ರೂಸರುಗಳನ್ನು ಮುಳುಗಿಸಿತು. ಸತ್ತವರು ಸಾವಿರದ ನಾನೂರಕ್ಕೂ ಹೆಚ್ಚು.

ಅರವತ್ತು ದಾಟಿದ ಸ್ಕಾಟ್‌ನನ್ನು ನೌಕಾಪಡೆ ಮತ್ತೆ ಕರೆಯಿತು. ಹಡಗುಗಳಿಗೆ ಆತನ ಏರ್ಪಾಡನ್ನು ಅವಸರದಲ್ಲಿ ಹಾಕತೊಡಗಿದರು. 1915ರಲ್ಲಿ ಜರ್ಮನ್ ವಾಯುನೌಕೆಗಳಿಂದ ಲಂಡನ್ನನ್ನು ಕಾಯುವ ಫಿರಂಗಿಗಳ ಹೊಣೆಯೂ ಆತನ ಮೇಲೆ ಬಿತ್ತು. 1916ರ ಮೇ 31ರಂದು ಜಟ್‌ಲೆಂಡ್ ಕಾಳಗ ನಡೆದಾಗ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಕಂಬದ ಮೇಲಿನ ಕಣ್ಣಿನಿಂದಲೇ ಗುರಿ ಹಿಡಿದವು. ಆತನ ಹಿರಿಯ ಮಗ ಆಗಿನ್ನೂ ಮಿಡ್‌ಶಿಪ್‌ಮನ್ ಆಗಿದ್ದ ಹುಡುಗ. ಆ ಕಾಳಗದಿಂದ ಆ ಹುಡುಗ ಮರಳಲಿಲ್ಲ.